ಅದೇ ಪ್ರಶ್ನೆ, ಇನ್ನೊಂದು ಊರು

ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ಎಷ್ಟು ಸಲ ನೋಡಿದ ಮೇಲೆ ಹೇಳಬಹುದು? ನ್ಯಾಯದರ್ಶನದವರು ಪದೇ ಪದೇ ನೋಡುವುದನ್ನು ಭೂಯೋದರ್ಶನ ಎಂದರು. ಆದರೆ ನೋಡಿದ ಲೆಕ್ಕ ಬೆಳೆದರೆ ಸಾಲದು, ನಡುವೆ ಉಪಾಧಿ, ಅಂದರೆ ಕಣ್ಣಿಗೆ ಬೀಳದ ಷರತ್ತು, ಇಲ್ಲವೆಂದೂ ಗೊತ್ತಾಗಬೇಕು. ಮಾತನ್ನು ತಿರುಗಿಸಿ ಬೆಂಕಿ ಇದ್ದಲ್ಲೆಲ್ಲ ಹೊಗೆ ಎನ್ನಲಾಗದು: ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿ ಹೊಗೆಯಾಡಬೇಕಾದರೆ ಹಸಿ ಕಟ್ಟಿಗೆ ಬೇಕು. ಆ ಹಸಿಯೇ ಉಪಾಧಿ.

ಕಂಪ್ಯೂಟರ್ ಬಂದ ಮೇಲೆ ಕಚೇರಿ, ಜನ, ಕೆಲಸ ಹೇಗೆ ಬದಲಾದವೆಂದು ಹುಡುಕುವ ಮಾಹಿತಿ ವ್ಯವಸ್ಥೆಗಳ ಸಂಶೋಧನೆಗೆ ಈ ವಿಚಾರ ತೀರ ಬೇಕಾದದ್ದು. ಒಬ್ಬರು ಒಂದೆಡೆ ಕಂಡದ್ದನ್ನು ಇನ್ನೊಬ್ಬರು ಮತ್ತೆ ಪರೀಕ್ಷಿಸುವುದೇ ಮರುಅಧ್ಯಯನ. ಅದೇ ವಿಧಾನ, ಅದೇ ಸಂದರ್ಭ ಇರಬಹುದು. ವಿಧಾನ ಅದೇ ಇದ್ದು ಸ್ಥಳ ಬೇರೆಯಾಗಬಹುದು. ಪ್ರಶ್ನೆಯೊಂದನ್ನೇ ಉಳಿಸಿ ಅಳೆಯುವ ರೀತಿ ಬದಲಿಸಬಹುದು.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ಕರ್ನಾಟಕದ ಭೂಮಿ ಯೋಜನೆಯನ್ನೇ ನೋಡಿ. ಧಾರವಾಡ ಜಿಲ್ಲೆಯ ಅಳ್ನಾವರದ ರೈತ ಬೆಳೆಸಾಲಕ್ಕೆ ಸೊಸೈಟಿಗೆ ಹೋದರೆ ಮೊದಲು ಕೇಳುವುದು ಉತಾರ, ಅಂದರೆ ಪಹಣಿ. ಹಿಂದೆ ಅದು ಗ್ರಾಮಲೆಕ್ಕಿಗನಾದ ತಲಾಟಿಯ ಕೈಬರಹದಲ್ಲಿ ಸಿಗುತ್ತಿತ್ತು; ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕಂಪ್ಯೂಟರಿನಿಂದ ಬಂತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ನೂರಕ್ಕೆ 66 ಮಂದಿ ಲಂಚ ಕೊಟ್ಟಿದ್ದರೆ ಭೂಮಿ ಕೇಂದ್ರದಲ್ಲಿ ಕೊಟ್ಟವರು 3 ಮಂದಿ ಎಂದಿತು. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ನೋಡಿ, ಲಂಚ ಹೋಗಿಲ್ಲ, ಜಮೀನು ದೊಡ್ಡವರ ಕೈಸೇರುವುದು ಸಲೀಸಾಗಿದೆ ಎಂದರು.

ಯಾರು ಸರಿ ಎಂದು ಕೇಳುವುದು ಆತುರ. ಮೊದಲನೆಯವರು ಕೇಂದ್ರಕ್ಕೆ ಬಂದವರ ಅನುಭವ ಕೇಳಿದರು, ಎರಡನೆಯವರು ಜಮೀನಿನ ಬೆಲೆ ಏರುತ್ತಿದ್ದ ನಗರದಂಚಿನ ಅಧಿಕಾರದಾಟ ನೋಡಿದರು. ಒಂದು ಇನ್ನೊಂದರ ಮರುಅಧ್ಯಯನವೇ ಅಲ್ಲ. ಆದ್ದರಿಂದ ಹಸಿ ಕಟ್ಟಿಗೆ ಯಾವುದೆಂದು ಈ ಎರಡನ್ನೇ ಹಿಡಿದು ಹೇಳಲಾಗದು.

2002ರ ಪ್ರಶ್ನೆಗಳನ್ನು ಅಕ್ಷರ ಬದಲಿಸದೆ ಅಳ್ನಾವರದಲ್ಲಿ ಕೇಳಿದರೆ? ಉತಾರದ ಪ್ರತಿ ಪಡೆಯುವುದು ಒಂದು ಕೆಲಸ. ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರಿದ್ದರೆ ವಾರಸಾ ಮಾಡಿಸುವುದು, ಅಂದರೆ ವಾರಸುದಾರರ ಹೆಸರು ಏರಿಸುವುದು, ಬೇರೆಯದೇ ಕೆಲಸ. ಅಲ್ಲಿ ಅರ್ಜಿ, ನೋಟಿಸು, ತಕರಾರು, ಕಾಯುವಿಕೆ ಎಲ್ಲ ಉಂಟು. ಪ್ರತಿ ಪಡೆದವರ ಉತ್ತರ ಹಳೆಯ ಅಂಕಿಯ ಹತ್ತಿರ ಬಂದು ವಾರಸಾದವರ ಉತ್ತರ ದೂರ ಸರಿದರೆ ಮೊದಲ ಅಧ್ಯಯನ ಸುಳ್ಳಾಗುವುದಿಲ್ಲ, ಅದರ ಗಡಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಮರುಅಧ್ಯಯನದ ದೊಡ್ಡ ಲಾಭ ಇದೇ.

ಸಂಶೋಧನಾ ಪತ್ರಿಕೆಗಳಿಗೆ ಹೊಸತೇ ಬೇಕೆಂಬ ಹಟ ಈ ಕೆಲಸವನ್ನು ಬಹುಕಾಲ ಹಿಂದಕ್ಕೆ ತಳ್ಳಿತ್ತು. ಮರುಅಧ್ಯಯನಗಳಿಗೆಂದೇ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2015ರಲ್ಲಿ ಒಂದು ಪತ್ರಿಕೆ ಆರಂಭಿಸಿತು. ನಮ್ಮಲ್ಲಿಯೂ ಪಿಎಚ್‌.ಡಿ. ಮಾರ್ಗದರ್ಶಕರು ಮರುಅಧ್ಯಯನವನ್ನು ಪೂರ್ಣ ಪ್ರಮಾಣದ ವಿಷಯವೆಂದು ಒಪ್ಪಬೇಕು. ಧಾರವಾಡದ ವಿದ್ಯಾರ್ಥಿಗೆ ಅಳ್ನಾವರ ದೂರವೇನಲ್ಲ.