ಕರೆದವರ ಹೊಣೆ

ಚಲನಚಿತ್ರದ ಮೂಲಕ ತನ್ನ ಚೆಲುವನ್ನು ತೋರಿ ಪ್ರವಾಸಿಗಳನ್ನು ಕರೆಯುವುದು ಒಂದು ದೇಶಕ್ಕೆ ತಪ್ಪೆ? ತಪ್ಪೆಂದು ನಾನು ಹೇಳಲಾರೆ. ಎಷ್ಟೋ ಮಂದಿಯ ಅನ್ನ ಅದರಲ್ಲಿದೆ. ಆದರೆ ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ನೋಡಿ. ಸರ್ಕಾರದ ಅನುಮತಿಯಿಂದಲೇ ಅಲ್ಲಿ ಚಿತ್ರಿತವಾಗಿ 2000ದಲ್ಲಿ ತೆರೆಕಂಡ ‘ದಿ ಬೀಚ್’ ಆ ತೀರವನ್ನು ನಿರ್ಜನ ಸ್ವರ್ಗವೆಂದು ತೋರಿತು. ಆ ಏಕಾಂತವನ್ನರಸಿ ದಿನಕ್ಕೆ ಸಾವಿರಾರು ಜನ ಬಂದರು. ಬಂದುದರಿಂದಲೇ ಏಕಾಂತ ಅಳಿಯಿತು, ಹವಳವೂ ಬಹುಮಟ್ಟಿಗೆ ನಶಿಸಿತು. 2018ರಲ್ಲಿ ಸರ್ಕಾರ ತೀರವನ್ನು ಮುಚ್ಚಬೇಕಾಯಿತು. ಜನವಿಲ್ಲದ ನೀರಿಗೆ ಶಾರ್ಕುಗಳು ಮರಳಿದವು. 2022ರಲ್ಲಿ ಮತ್ತೆ ತೆರೆದದ್ದು ಜನಸಂಖ್ಯೆಗೆ ಮಿತಿಯನ್ನಿಟ್ಟು.

ಊಟಕ್ಕೆ ಕರೆಯುವ ಗೃಹಸ್ಥ ಮೊದಲು ಎಲೆ ಎಣಿಸುತ್ತಾನೆ. ಬೆಳ್ಳಿತೆರೆಯ ಕರೆಯೋಲೆಗೆ ಆ ಎಣಿಕೆಯಿಲ್ಲ. ಅದು ಕಂಡವರನ್ನೆಲ್ಲ ಕರೆಯುತ್ತದೆ. ಆದ್ದರಿಂದ ಎಣಿಸಬೇಕಾದವರು ಬಂದ ಅತಿಥಿಗಳಲ್ಲ, ಕರೆದವರು. ಎಣಿಸಬೇಕಾದದ್ದು ಕರೆಯುವ ಮುನ್ನ.