ಬುದ್ಧನ ಬೆನ್ನುನೋವು ಮತ್ತು ಕರ್ಮದ ಪ್ರಶ್ನೆ

ಸೊಂಟದ ಡಿಸ್ಕ್ ಜಾರಿ ಕಾಲಿನುದ್ದಕ್ಕೂ ನೋವು ಇಳಿಯತೊಡಗಿದಾಗ ಡಾಕ್ಟರ ಹೆಸರಿನ ಜೊತೆಗೇ 'ಯಾವ ಜನ್ಮದ ಕರ್ಮವೋ' ಎಂಬ ಮಾತೂ ಮನೆಯಲ್ಲಿ ಕೇಳಿಬರುತ್ತದೆ. ನೋವು ಪೂರ್ವಕರ್ಮದ ಫಲವಾದರೆ ಅದನ್ನು ಉಂಡೇ ತೀರಿಸಬೇಕಲ್ಲವೆ, ಚಿಕಿತ್ಸೆಗೆ ಅಲ್ಲಿ ಏನು ಕೆಲಸ ಎಂಬುದು ಈ ಮಾತಿನೊಳಗಿರುವ ಪ್ರಶ್ನೆ. ಬೌದ್ಧ ಸಾಹಿತ್ಯ ಅದನ್ನು ಬೆನ್ನುನೋವಿನ ಸಂದರ್ಭದಲ್ಲೇ ಎದುರಿಸಿದೆ. ನೋವು ಸ್ವತಃ ಬುದ್ಧನದು.

ದೀಘನಿಕಾಯದ ಸಂಗೀತಿ ಸುತ್ತದಲ್ಲಿ, ಪಾವಾ ಊರಿನ ಮಲ್ಲರು ಹೊಸದಾಗಿ ಕಟ್ಟಿಸಿದ ಸಭಾಭವನದಲ್ಲಿ ರಾತ್ರಿ ಬಹು ಹೊತ್ತು ಉಪದೇಶಿಸಿದ ಬುದ್ಧ, ಬೆನ್ನು ನೋಯುತ್ತಿದೆಯೆಂದು ಶಿಷ್ಯ ಸಾರಿಪುತ್ತನಿಗೆ ಮಾತು ಒಪ್ಪಿಸುತ್ತಾನೆ. ಸಂಘಾಟಿಯನ್ನು (ಭಿಕ್ಷುವಿನ ಮೇಲುಹೊದಿಕೆ) ನಾಲ್ಕು ಮಡಿಕೆ ಮಾಡಿ ಹಾಸಿ ಬಲಮಗ್ಗುಲಾಗಿ ಮಲಗುತ್ತಾನೆ. ಮಜ್ಝಿಮನಿಕಾಯದ ಸೇಖ ಸುತ್ತದಲ್ಲಿ ಕಪಿಲವತ್ಥುವಿನ ಶಾಕ್ಯರ ಭವನದಲ್ಲೂ ಹೀಗೆಯೇ ಆಗುತ್ತದೆ. ಅಲ್ಲಿ ಮಾತು ಮುಂದುವರಿಸುವವನು ಶಿಷ್ಯ ಆನಂದ. ಅದು ಡಿಸ್ಕಿನ ತೊಂದರೆಯೇ ಆಗಿತ್ತೆ ಎಂದು ಈಗ ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ಬೋಧಿ ಪಡೆದವನ ದೇಹವೂ ನೋಯುತ್ತದೆಂದು ಗ್ರಂಥ ಮುಚ್ಚುಮರೆಯಿಲ್ಲದೆ ಹೇಳಿದೆ ಎಂಬುದೇ ಮುಖ್ಯ.

ಏಕೆ ನೋಯಿತು ಎಂಬುದಕ್ಕೆ ಪರಂಪರೆಯಲ್ಲಿ ಒಂದೇ ಉತ್ತರವಿಲ್ಲ. ಅಪದಾನ ಗ್ರಂಥ ಇದನ್ನು ಕರ್ಮಕ್ಕೆ ಕಟ್ಟುತ್ತದೆ: ಹಿಂದಿನ ಜನ್ಮವೊಂದರಲ್ಲಿ ಕುಸ್ತಿಯಾಡುವಾಗ ಎದುರಾಳಿಯನ್ನು ನೋಯಿಸಿದ್ದರ ಫಲವಿದು. ದೀಘನಿಕಾಯದ ಅಟ್ಠಕಥೆ, ಅಂದರೆ ವ್ಯಾಖ್ಯಾನವಾದರೋ, ಇದೇ ಜನ್ಮದ ಕಾರಣ ಕೊಡುತ್ತದೆ: ಆರು ವರ್ಷ ಕಠಿಣ ತಪಸ್ಸಿನಲ್ಲಿ ದೇಹ ದಣಿದಿತ್ತು, ಮುಪ್ಪಿನಲ್ಲಿ ಬೆನ್ನಿಗೆ ವಾತ ಬಂತು. ಸಂಯುತ್ತನಿಕಾಯದ ಸೀವಕ ಸುತ್ತ ಇನ್ನೂ ನೇರ. ಅನುಭವವೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರ ಬಗ್ಗೆ ಮೋಳಿಯಸೀವಕ ಎಂಬ ಪರಿವ್ರಾಜಕ ರಾಜಗೃಹದಲ್ಲಿ ಕೇಳಿದಾಗ ಬುದ್ಧ ಎಂಟು ಕಾರಣಗಳನ್ನು ಹೇಳುತ್ತಾನೆ: ಪಿತ್ತ, ಕಫ, ವಾತ, ಈ ಮೂರರ ಸನ್ನಿಪಾತ, ಋತುವಿನ ಬದಲಾವಣೆ, ದೇಹವನ್ನು ಅಡ್ಡಾದಿಡ್ಡಿ ನಡೆಸಿಕೊಳ್ಳುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮವಿಪಾಕ. ಎಲ್ಲವನ್ನೂ ಕರ್ಮದ ತಲೆಗೆ ಕಟ್ಟುವವರು ಲೋಕಕ್ಕೆ ತಿಳಿದಿರುವ ಸತ್ಯವನ್ನೇ ದಾಟಿಹೋಗುತ್ತಾರೆ ಎಂಬುದು ಅವನ ನಿಲುವು. ಕರ್ಮಸಿದ್ಧಾಂತವನ್ನು ಇದು ತಳ್ಳಿಹಾಕುವುದಿಲ್ಲ, ಅದರ ಎಲ್ಲೆಯನ್ನು ಗುರುತಿಸುತ್ತದೆ. ಭಾರ ಎತ್ತಿ ಸೊಂಟ ಹಿಡಿದವನಿಗೆ ಪಾಪದ ಲೆಕ್ಕ ಒಪ್ಪಿಸುವವರು ಈ ಪಟ್ಟಿಯನ್ನು ಓದಿದ್ದರೆ ಒಳ್ಳೆಯದಿತ್ತು.

ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕವೂ ಇದೇ ದಾರಿಯಲ್ಲಿದೆ. ಪಿಲಿಂದವಚ್ಛ ಎಂಬ ಭಿಕ್ಷುವಿಗೆ ಅಂಗಾಂಗಗಳಲ್ಲಿ ವಾತ ಬಂದಾಗ ಬೆವರಿಳಿಸುವ ಚಿಕಿತ್ಸೆ, ಸೊಪ್ಪು ಹಾಕಿ ಕುದಿಸಿದ ನೀರು, ಬಿಸಿನೀರಿನ ತೊಟ್ಟಿ ಒಂದಾದ ಮೇಲೊಂದರಂತೆ ಅನುಮತಿ ಪಡೆಯುತ್ತವೆ. ಕರ್ಮ ಸವೆಯಲಿ ಎಂದು ಯಾರೂ ಕಾಯುವುದಿಲ್ಲ.

ಇನ್ನು ಇಂದಿನ ವೈದ್ಯದ ಕಡೆಗೆ ಬಂದರೆ, 'ಜಾರಿತು' ಎಂದು ಹೇಳಿದರೂ ಡಿಸ್ಕ್ ನಿಜವಾಗಿ ಜಾರುವುದಿಲ್ಲ. ಹೊರಗಿನ ಗಟ್ಟಿ ಉಂಗುರ ಸೀಳಿ, ಒಳಗಿನ ಮೆದು ತಿರುಳು ಹೊರಚಾಚಿ ನರದ ಬುಡವನ್ನು ಒತ್ತುತ್ತದೆ, ಕೆರಳಿಸುತ್ತದೆ. 1934ರಲ್ಲಿ ಅಮೆರಿಕದ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ ಈ ಸಂಬಂಧವನ್ನು ಸ್ಪಷ್ಟಪಡಿಸಿದ ಮೇಲೆ ನೋವಿಗೊಂದು ಕಣ್ಣಿಗೆ ಕಾಣುವ ಕಾರಣ ಸಿಕ್ಕಂತಾಯಿತು. ಆದರೆ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ನೋಡಿದಾಗ ಶೇ. 52ರಷ್ಟು ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಅಂದರೆ ಎಂಆರ್‌ಐ ಕೂಡ ಕರ್ಮದ ಹಾಗೆ ಎಲ್ಲಕ್ಕೂ ಉತ್ತರವಾಗಲಾರದು.

ಬಹುಪಾಲು ಜನರಿಗೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ನೋವು ತಗ್ಗುತ್ತದೆ. ಹೊರಚಾಚಿದ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸಿಬಿಡುತ್ತದೆ. ನೋವಿನ ಮಾತ್ರೆ, ಹಾಸಿಗೆ ಹಿಡಿಯದೆ ಆದಷ್ಟು ಓಡಾಡುವುದು, ಫಿಸಿಯೊಥೆರಪಿ ಮೊದಲ ಹೆಜ್ಜೆಗಳು.

ಆ ವಾರಗಳನ್ನು ಕಳೆಯುವ ಬಗೆಗೆ ಸಂಯುತ್ತನಿಕಾಯದ ಸಲ್ಲ ಸುತ್ತ ಸಲ್ಲುತ್ತದೆ. ಬಾಣ ತಗುಲಿದವನಿಗೆ ಎರಡನೆಯ ಬಾಣವೂ ಬಿದ್ದಂತೆ, ದೇಹದ ನೋವಿಗೆ ಮನಸ್ಸು ತನ್ನ ಗೋಳನ್ನು ಸೇರಿಸಿಕೊಳ್ಳುತ್ತದೆ ಎಂದು ಅದು ಹೇಳುತ್ತದೆ. 'ನನ್ನ ಪಾಪದ ಫಲ' ಎಂಬ ಕೊರಗು ಈ ಎರಡನೆಯ ಬಾಣದ ಜಾತಿಗೇ ಸೇರಿದ್ದು. ಮೊದಲ ಬಾಣವನ್ನು ಮಾತ್ರ ಧ್ಯಾನಕ್ಕೆ ಬಿಡುವಂತಿಲ್ಲ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕಾಲಿನ ಬಲ ಕುಂದುತ್ತ ಹೋದರೂ ತಡಮಾಡುವಂತಿಲ್ಲ.