ಮರೆಯೇ ಸಾಕ್ಷಿಯಾದಾಗ

ಮುಚ್ಚಿಟ್ಟದ್ದು ಕಾಣುವುದಿಲ್ಲ ಎಂದು ನಂಬಿ ಬದುಕುವವರು ನಾವು. ಗ್ಯಾಲಕ್ಸಿಗಳ ಕೇಂದ್ರದಲ್ಲಿ ಅಡಗಿರುವ ಕಪ್ಪುಕುಳಿಗಳ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿ ಮುಚ್ಚಿದ ವಸ್ತುವೇ ಒಳಗಿನ ಗುಟ್ಟು ಬಿಟ್ಟುಕೊಡುತ್ತದೆ. ಸೂರ್ಯನ ಲಕ್ಷಾಂತರ, ಕೋಟ್ಯಂತರ ಪಟ್ಟು ತೂಗುವ ಕಪ್ಪುಕುಳಿಯತ್ತ ಸುತ್ತುತ್ತಾ ಬೀಳುವ ಅನಿಲ ಕಾದು, ಇಡೀ ಗ್ಯಾಲಕ್ಸಿಯ ನಕ್ಷತ್ರಗಳನ್ನೂ ಮೀರಿಸಿ ಬೆಳಗಬಲ್ಲದು. ಸುತ್ತ ದಟ್ಟ ದೂಳು ಕವಿದಿದ್ದರೆ ಆ ಬೆಳಕು ಅಲ್ಲೇ ಇಂಗಿಹೋಗಿ, ನಮ್ಮ ದೂರದರ್ಶಕಕ್ಕೆ ಒಂದು ಸಾಧಾರಣ ಗ್ಯಾಲಕ್ಸಿಯಷ್ಟೇ ಕಾಣುತ್ತದೆ. ಆದರೆ ಇಂಗಿದ ಶಕ್ತಿ ಇಲ್ಲವಾಗುವುದಿಲ್ಲ. ದೂಳು ಬಿಸಿಯೇರಿ ಅವಕೆಂಪು ಕಿರಣ ಸೂಸುತ್ತದೆ, ಬೂದಿ ಮುಚ್ಚಿದ ಕೆಂಡ ಹತ್ತಿರ ಬಂದ ಕೈಗೆ ತನ್ನ ಕಾವು ತಿಳಿಸಿದ ಹಾಗೆ. ಸುಮಾರು 1,500 ಕೆಲ್ವಿನ್ ದಾಟಿದರೆ ಕಣಗಳೇ ಆವಿಯಾಗುತ್ತವೆ. ಹಾಗೆ ಆವಿಯಾಗದಷ್ಟು ದೂರದಲ್ಲಿ ಉಳಿದ ಕಣಗಳು ಕೆಲವು ಮೈಕ್ರಾನ್ ಅಲೆಯುದ್ದದಲ್ಲಿ ಪ್ರಜ್ವಲಿಸುತ್ತವೆ. 2009ರ ಡಿಸೆಂಬರ್‌ನಲ್ಲಿ ಬಾಹ್ಯಾಕಾಶಕ್ಕೆ ಹಾರಿದ ವೈಸ್ ದೂರದರ್ಶಕ ಆಕಾಶವನ್ನೆಲ್ಲ ಹುಡುಕಿದ್ದು ಈ ಕಾವಿಗೇ ಸೂಕ್ತವಾದ ಅಲೆಯುದ್ದಗಳಲ್ಲಿ. ಬರಿಯ ನಕ್ಷತ್ರಗಳ ಬೆಳಕು 3.4 ಮೈಕ್ರಾನಿನಿಂದ 4.6ಕ್ಕೆ ಹೋಗುವಷ್ಟರಲ್ಲಿ ಕುಗ್ಗುತ್ತದೆ. ಬಿಸಿ ದೂಳಿನದು ಹಾಗೆ ಕುಗ್ಗುವುದಿಲ್ಲ. ಈ ಎರಡು ಅಳತೆಗಳ ಹೋಲಿಕೆಯೇ, ಖಗೋಳಜ್ಞರ ಮಾತಿನಲ್ಲಿ ‘ಬಣ್ಣ’ವೇ, ಮೊದಲ ಸುಳಿವು.

ಇದಕ್ಕೆ ಬಲವಾದ ಆಕ್ಷೇಪವಿದೆ. ಹೊಸ ನಕ್ಷತ್ರಗಳು ಹುಟ್ಟುವ ತಾಣದಲ್ಲೂ ದೂಳು ಕಾಯುತ್ತದಲ್ಲ? ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇಂಥ ಹೇತುವಿಗೆ (ತೀರ್ಮಾನಕ್ಕೆ ಆಧಾರವಾದ ಗುರುತಿಗೆ) ವ್ಯಭಿಚಾರದೋಷವನ್ನು ಹಚ್ಚುತ್ತಿದ್ದರು: ಸಾಧಿಸಬೇಕಾದ ವಸ್ತು ಇಲ್ಲದ ಕಡೆಯೂ ಹೇತು ಕಾಣಿಸಿಕೊಂಡರೆ ಅನುಮಾನ, ಅಂದರೆ ಗುರುತಿನಿಂದ ಮಾಡಿದ ತೀರ್ಮಾನ, ಬಿದ್ದುಹೋಗುತ್ತದೆ. ಈ ದೋಷ ನಿಜವಾದದ್ದು. ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವ ಕುಬ್ಜ ಗ್ಯಾಲಕ್ಸಿಗಳು ಇದೇ ಬಣ್ಣ ತೋರಿ ದಾರಿ ತಪ್ಪಿಸಬಲ್ಲವು. ಹಾಗೆಂದು ಅನುಮಾನವನ್ನೇ ಬಿಡಬೇಕಿಲ್ಲ, ಇನ್ನೊಂದು ಗುರುತನ್ನು ಸೇರಿಸಿ ಹೇತುವನ್ನು ಬಿಗಿ ಮಾಡಿದರಾಯಿತು. ನಿಯಾನ್ ಪರಮಾಣುವಿನಿಂದ ನಾಲ್ಕನೆಯ ಎಲೆಕ್ಟ್ರಾನನ್ನು ಕೀಳಲು ಸುಮಾರು 97 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಸಾಮಾನ್ಯ ನಕ್ಷತ್ರಗಳಿಗೆ ಅದು ನಿಲುಕದು. ಹಾಗೆ ಸುಲಿಯಲ್ಪಟ್ಟ ನಿಯಾನಿನ ರೋಹಿತರೇಖೆ 14.3 ಮೈಕ್ರಾನಿನಲ್ಲಿ, ದೂಳನ್ನು ಬಹುಮಟ್ಟಿಗೆ ದಾಟಿ ಬರುತ್ತದೆ. ಬಣ್ಣ ಮತ್ತು ರೇಖೆ ಎರಡೂ ಕೂಡಿದಾಗ ಸಂದೇಹಕ್ಕೆ ಜಾಗ ತೀರ ಕಡಿಮೆ.

ಕಣ್ಣಾರೆ ಕಾಣದ್ದನ್ನು ಒಪ್ಪದ ಚಾರ್ವಾಕ ಇನ್ನೂ ಬಿಡಲಿಕ್ಕಿಲ್ಲ. ಅವನನ್ನು ಹಾಸನಕ್ಕೆ ಕರೆದೊಯ್ಯಬಹುದು. 1982ರಿಂದ ಅಲ್ಲಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಆರೋಗ್ಯವನ್ನು ರೇಡಿಯೋ ಸಂಕೇತಗಳಿಂದಲೇ ತಿಳಿಯುತ್ತ ಬಂದಿದೆ. ಆದರೆ ಅವನ ಮರುಮಾತು ನ್ಯಾಯವಾದದ್ದೇ: ಉಪಗ್ರಹ ನಾವೇ ಮಾಡಿ ಕಳಿಸಿದ್ದು, ಕೇಳಿದರೆ ಉತ್ತರಿಸುತ್ತದೆ, ಕಪ್ಪುಕುಳಿ ಉತ್ತರಿಸದು. ಆದ್ದರಿಂದಲೇ ಕಪ್ಪುಕುಳಿಯ ವಿಷಯದಲ್ಲಿ ಒಂದು ಸಾಕ್ಷಿ ಸಾಲದು ಎನ್ನುತ್ತೇನೆ. ಆ ಸಾಕ್ಷಿಗಳನ್ನು ಕೂಡಿಸುವುದೂ ಸುಲಭವಲ್ಲ. ಅವಕೆಂಪಿನ ಬಹುಪಾಲನ್ನು ಗಾಳಿಯ ನೀರಾವಿಯೇ ನುಂಗುವುದರಿಂದ ಭಾರತೀಯ ಖಭೌತ ಸಂಸ್ಥೆ ತನ್ನ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಒಣ ಚಳಿಯಲ್ಲಿ ನಿಲ್ಲಿಸಿ, ಹೊಸಕೋಟೆಯಿಂದ ನಡೆಸುತ್ತದೆ. ಅಲ್ಲಿಗೂ ಎಲ್ಲ ಅಲೆಯುದ್ದಗಳು ಇಳಿದು ಬರುವುದಿಲ್ಲ. ನಿಯಾನಿನ ರೇಖೆಗೆ ಬಾಹ್ಯಾಕಾಶದ ಜೇಮ್ಸ್ ವೆಬ್‌ನಂಥ ದೂರದರ್ಶಕವೇ ಬೇಕು. ಅಷ್ಟಾದರೂ ಮಂದವಾಗಿ ಉಣ್ಣುತ್ತಿರುವ ಕಪ್ಪುಕುಳಿಯ ಕಾವು ತನ್ನದೇ ಗ್ಯಾಲಕ್ಸಿಯ ನಕ್ಷತ್ರಗಳ ಬೆಳಕಿನಲ್ಲಿ ಮುಳುಗಿಹೋಗಬಹುದು. ಬಣ್ಣದ ಪರೀಕ್ಷೆಯಲ್ಲಿ ಸಿಕ್ಕದ ಗ್ಯಾಲಕ್ಸಿಗಳನ್ನೆಲ್ಲ ನಿಷ್ಕ್ರಿಯವೆಂದು ಬರೆದಿಡುವ ಹಕ್ಕು ಈ ವಿಧಾನಕ್ಕಿಲ್ಲ.